ಮೇನ್ ಆಫ್ ಆದ ಮೇಲೆ

ಜುಲೈ 9

ಅಮ್ಮ,

ನೀನು ಓದಲು ಹಾಸ್ಟೆಲ್ಲಿಗೆ ಹೋದ ಮೇಲೆ ನಾವು ಫೋನಿನಲ್ಲಿ ಮಾತಾಡಿದ್ದೆಲ್ಲ ಜಗಳದಲ್ಲೇ ಮುಗಿದಿದೆ. ಮೊನ್ನೆ ಗ್ಯಾಸ್ ಆರಿಸಿದೆಯಾ ಎಂದು ಶುರು ಮಾಡಿದವಳು ನಾನು ಶಾಲೆ ಬಿಟ್ಟದ್ದಕ್ಕೆ ತಂದು ನಿಲ್ಲಿಸಿದೆ. ಗ್ಯಾಸಿನಿಂದ ಅಲ್ಲಿಗೆ ಯಾವ ದಾರಿಯಲ್ಲಿ ಹೋಗುತ್ತೀಯೋ ನನಗೆ ಇವತ್ತಿಗೂ ತಿಳಿದಿಲ್ಲ. ಅದಕ್ಕೇ ಈ ಕಾಗದ. ಇದರಲ್ಲಾದರೆ ನಾನು ಮುಗಿಸುವ ತನಕ ನೀನು ನಡುವೆ ಬಾಯಿ ಹಾಕಲಾರೆ, ನಾನೂ ಪಟ್ಟನೆ ಫೋನ್ ಇಡಲಾರೆ.

ಮೊದಲು ಒಂದು ದೂರು. ಮನೆಯ ಬೀಗದ ಕೈಗೊಂಚಲನ್ನು ನೀನೇ ತೆಗೆದುಕೊಂಡು ಹೋಗಿದ್ದೀಯ. ಮುಂಬಾಗಿಲಿನದು ನನ್ನ ಹತ್ತಿರ ಒಂದಿದೆ, ಬೀರುವಿನದು ಇಲ್ಲ. ಹಾಕಿಕೊಳ್ಳಲು ಎರಡೇ ಜೊತೆ ಬಟ್ಟೆ. "ಬೀರು ಒಡೆದುಬಿಡೋಣವಾ ಮರಿ?" ಎಂದು ಮಾಮ ಕೇಳಿದರು. "ಅಮ್ಮ ಬಂದು ಇಬ್ಬರ ಚರ್ಮ ಸುಲೀತಾಳೆ" ಎಂದೆ. ನಿನ್ನ ಅಣ್ಣ ನಕ್ಕರು. ಅವರು ನಗುವುದು ಗೊತ್ತಲ್ಲ, ಮುಖದ ಒಂದೇ ಕಡೆ.

ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಇದ್ದೇನೆ. ಕೆಳಗಿನಿಂದ ಸುಟ್ಟ ವಾರ್ನಿಷಿನ ವಾಸನೆ ಮೆಟ್ಟಿಲು ಹತ್ತಿ ಬಂದು ದಿಂಬಿನಲ್ಲಿ ಕೂತಿದೆ. ಕೆಲಸ ಕಲಿಯುತ್ತಿದ್ದೇನೆ. ಸುಟ್ಟುಹೋದ ಮೋಟರಿನ ಹಳೆ ತಂತಿ ಕಿತ್ತು, ಎಷ್ಟು ಸುತ್ತು ಇತ್ತೆಂದು ಎಣಿಸಿ, ಅಷ್ಟೇ ಸುತ್ತು ಹೊಸ ತಾಮ್ರದ ತಂತಿ ಸುತ್ತಬೇಕು. ಕೂತಲ್ಲಿ ಕೂರದವಳು ಎಂದು ನನಗೆ ಗಿರಗಿಟ್ಲೆ ಎಂದು ಹೆಸರಿಟ್ಟವಳು ನೀನು. ಈಗ ಬಂದು ನೋಡು. ಪ್ರೆಸ್ಸಿನ ಕೆಲಸ ಬಿಟ್ಟೆ, ಬೇಕರಿ ಬಿಟ್ಟೆ, ಇಲ್ಲಿ ಒಂದು ತಿಂಗಳಿಂದ ಒಂದೇ ಸ್ಟೂಲಿನ ಮೇಲೆ ಕೂತಿದ್ದೇನೆ. ಸುತ್ತು ತಪ್ಪಿದರೆ ಮಾಮ ಬೈಯುವುದಿಲ್ಲ, "ಬಿಚ್ಚು" ಎನ್ನುತ್ತಾರೆ ಅಷ್ಟೆ. ಬೈದಿದ್ದರೇ ವಾಸಿ ಅನಿಸುತ್ತದೆ.

ಅವರಿಗೆ ಒಂದು ಹುಚ್ಚಿದೆ, ನಿನಗೆ ಗೊತ್ತಾ? ಫ್ಯಾನು, ಮೋಟರುಗಳಲ್ಲಿ ಎರಡು ಕಾಲಿನ ಒಂದು ಡಬ್ಬಿ ಇರುತ್ತದೆ, ಕಂಡೆನ್ಸರ್ ಅಂತ. ಅದನ್ನು ಅವರು ಯಾರ ಕೈಗೂ ಹಾಗೇ ಕೊಡುವುದಿಲ್ಲ. ಸ್ಕ್ರೂಡ್ರೈವರಿನಿಂದ ಎರಡೂ ಕಾಲು ಸೇರಿಸಿ ಮುಟ್ಟಿಸಿ, ಒಂದಷ್ಟು ಹೊತ್ತು ಒತ್ತಿ ಹಿಡಿದು, ಆಮೇಲೆ ಕೊಡುತ್ತಾರೆ. ನಾನು ಮಾಡುತ್ತೇನೆ ಎಂದರೂ ಬಿಡುವುದಿಲ್ಲ. ರಟ್ಟಿನ ಪೆಟ್ಟಿಗೆಯಿಂದ ಈಗ ತೆಗೆದ ಹೊಸದಕ್ಕೂ ಅದೇ. ಮೊನ್ನೆ ಹಿಟ್ಟಿನ ಗಿರಣಿಯವನು ನೋಡಿ ಕೇಳಿದ: "ಏನಣ್ಣ, ಹೊಸ ಡಬ್ಬೀನೂ ಕಚ್ಚುತ್ತಾ?"

"ಯಾರಿಗ್ಗೊತ್ತು" ಎಂದರು ಮಾಮ, ತಲೆ ಎತ್ತದೆ.

ಇನ್ನು ನಿನ್ನ ಕಥೆ ಹೇಳು. ಹದಿನೆಂಟರ ಮಕ್ಕಳ ನಡುವೆ ಕಾಲೇಜಿನ ಬೆಂಚಿನಲ್ಲಿ ಕೂತರೆ ಹೇಗಿರುತ್ತದೆ?

ನಿನ್ನ
ಗಿರಗಿಟ್ಲೆ


ಜುಲೈ 22

ಗಿರಗಿಟ್ಲೆ,

ಬೀಗದ ಕೈ ವಿಷಯ ನನ್ನದೇ ತಪ್ಪು. ಯಾವಾಗಲೂ ಶಾಲೆಗೆ ಹಾಕಿಕೊಳ್ಳುವ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದವಳು, ಹಾಗೇ ಬಂದುಬಿಟ್ಟೆ. ಬೀರು ಒಡೆಯಬೇಡಿ. ರಜೆಗೆ ಬರುವಾಗ ತರುತ್ತೇನೆ.

ಬೆಂಚಿನಲ್ಲಿ ಕೂತರೆ ಮೊಣಕಾಲು ನೋಯುತ್ತದೆ. ಅದು ಬಿಟ್ಟರೆ ಪರವಾಗಿಲ್ಲ. ನನ್ನ ಕೋಣೆಯ ಹುಡುಗಿಯರು ಮೊದಲ ವಾರ ನನ್ನನ್ನು ವಾರ್ಡನ್ ಅಂದುಕೊಂಡು ಎದ್ದು ನಿಲ್ಲುತ್ತಿದ್ದರು. ಈಗ ಆಂಟಿ ಎನ್ನುತ್ತಾರೆ, ಬಟ್ಟೆಯ ಕ್ಲಿಪ್ಪು ಕದಿಯುತ್ತಾರೆ. ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಿಟ್ಟ ಓದು ಇದು. ಡಿಗ್ರಿ ಇಲ್ಲದ ಟೀಚರುಗಳನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದಿಲ್ಲ ಎಂದು ನಮ್ಮ ಹೆಡ್‌ಮಾಸ್ಟರು ಹೇಳದೇ ಇದ್ದಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ.

ವಾರಕ್ಕೆ ಎರಡು ದಿನ ಲ್ಯಾಬು. ಈ ಸಲ ವಿದ್ಯುತ್ತು, ಕಾಂತ. ಮೇಜಿಗೆ ಇಬ್ಬರು. ನನ್ನ ಜೊತೆಯವನು ಹದಿನೆಂಟರ ಹುಡುಗ, ಮುಖಕ್ಕಿಂತ ದೊಡ್ಡ ಕನ್ನಡಕ. ನಾನು ಕನ್ನಡಕ ಎಂದೇ ಕರೆಯುತ್ತೇನೆ, ಅವನೂ ಓಗೊಡುತ್ತಾನೆ. ಮೊದಲ ದಿನವೇ ನಾನು ಅಮ್ಮೀಟರನ್ನು ಸಪ್ಲೈಗೆ ನೇರವಾಗಿ ಸಿಕ್ಕಿಸಿದೆ. ನಡುವೆ ರೆಸಿಸ್ಟರ್ ಇರಬೇಕಿತ್ತು, ಇರಲಿಲ್ಲ. ಮುಳ್ಳು ಒಂದೇ ಏಟಿಗೆ ಆಚೆ ತುದಿಗೆ ಹೊಡೆದು ನಿಂತಿತು, ಹೊಗೆ ಬಂತು. "ಸ್ವಾಗತ" ಎಂದಳು ಲ್ಯಾಬ್ ಮೇಡಂ. ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು, ಆದರೆ ಅವಳು ಮೇಜಿನ ಹತ್ತಿರ ಬಂದರೆ ನಾನೇ ಎದ್ದು ನಿಲ್ಲುತ್ತೇನೆ.

ಎರಡನೆಯ ವಾರ ಒಂದು ತಂತಿಯ ಸುರುಳಿ, ಅದರ ನಡುವೆ ದಿಕ್ಸೂಚಿ. ಸುರುಳಿಗೆ ಕರೆಂಟು ಬಿಟ್ಟರೆ ಮುಳ್ಳು ತಿರುಗುತ್ತದೆ. ತಂತಿಗೂ ಮುಳ್ಳಿಗೂ ಎಲ್ಲೂ ಸೋಂಕಿಲ್ಲ. ಇದನ್ನು ಪುಸ್ತಕದಲ್ಲಿ ಓದಿದ್ದೇನೆ, ಮಕ್ಕಳಿಗೆ ಪಾಠವನ್ನೂ ಮಾಡಿದ್ದೇನೆ. ಕಣ್ಣಿಂದ ನೋಡಿರಲಿಲ್ಲ. ಸ್ವಿಚ್ಚು ಹಾಕಿ ತೆಗೆದು, ಹಾಕಿ ತೆಗೆದು ನೋಡುತ್ತಲೇ ಇದ್ದೆ. "ಆಂಟಿ, ಅದೇನು ಆಟದ ಸಾಮಾನಾ?" ಎಂದು ಕನ್ನಡಕ ಗೊಣಗಿದ.

ನಿಮ್ಮಪ್ಪ ಮಿಲ್ಲಿನಲ್ಲಿ ಎಲೆಕ್ಟ್ರಿಶಿಯನ್ ಆಗಿ ಅಷ್ಟು ವರ್ಷ ಇದರ ಜೊತೆಗೇ ಬಾಳಿದರು. ಮನೆಗೆ ಬಂದು ಒಂದು ದಿನ ಇದರ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು.

ಅಮ್ಮ


ಆಗಸ್ಟ್ 18

ಅಮ್ಮ,

ಇವತ್ತು ಅಪ್ಪ ಹೋದ ದಿನ. ನೀನು ಫೋನ್ ಮಾಡುವುದಿಲ್ಲವೆಂದು ಗೊತ್ತಿತ್ತು. ಪ್ರತಿ ವರ್ಷ ಈ ದಿನ ನೀನು ಬಟ್ಟೆ ಒಗೆಯಲು ಕೂರುತ್ತೀಯ, ಒಗೆದದ್ದನ್ನೇ ಮತ್ತೆ ಒಗೆಯುತ್ತೀಯ. ಹಾಸ್ಟೆಲ್ಲಿನಲ್ಲಿ ನೀರು ಸಾಕಷ್ಟು ಬರುತ್ತದೆಯಾ?

ಮಾಮ ಇವತ್ತು ಅಂಗಡಿ ತೆಗೆದರು, ಕೆಲಸ ಮಾಡಲಿಲ್ಲ. ಒಂದು ಮೋಟರನ್ನು ಬಿಚ್ಚಿ, ಒರೆಸಿ, ಹಾಗೇ ಜೋಡಿಸಿ ಇಟ್ಟರು.

ಒಂದು ಮಾತು ಹೇಳುತ್ತೇನೆ, ಬೈಯಬೇಡ. ಎದುರಿಗಿದ್ದಾಗ ನೀನು ಎದ್ದು ಹೋಗುತ್ತೀಯ, ಅದಕ್ಕೆ ಇಲ್ಲಿ. ಆಗ ನನಗೆ ಹದಿಮೂರು. ಗೊತ್ತಾಗದ ವಯಸ್ಸೇನಲ್ಲ. ಬೆಳಿಗ್ಗೆ ನೀವಿಬ್ಬರೂ ಜಗಳ ಆಡಿದಿರಿ. ಮಧ್ಯಾಹ್ನ ಮಿಲ್ಲಿನಲ್ಲಿ ಕರೆಂಟಿನ ಪ್ಯಾನೆಲ್ ಕೆಟ್ಟಿತು, ಆಗ ಅಲ್ಲೇ ಕೆಲಸದಲ್ಲಿದ್ದ ಮಾಮ ಮೇನ್ ಆಫ್ ಮಾಡಿದರು, ಅಪ್ಪ ಒಳಗೆ ಕೈ ಹಾಕಿದರು, ಅಲ್ಲೇ ಬಿದ್ದರು. ಮೇನ್ ಆಫ್ ಆಗಿತ್ತು, ಕರೆಂಟೇ ಇರಲಿಲ್ಲ, ಆದ್ದರಿಂದ ಇದು ಎದೆಯದ್ದೇ ಎಂದು ಮಿಲ್ಲಿನ ಡಾಕ್ಟರು ಬರೆದರು. ಎಲ್ಲರೂ ತಲೆ ಆಡಿಸಿದರು. ಬೆಳಿಗ್ಗೆಯ ನಿನ್ನ ಮಾತಿನಿಂದ ಅವರ ಎದೆ ಒಡೆಯಿತು ಎಂದು ಅವತ್ತಿನಿಂದ ನೀನು ನಂಬಿಕೊಂಡಿದ್ದೀಯ. ಯಾರಿಗೂ ಹೇಳಿಲ್ಲ. ಆದರೆ ನಿದ್ದೆಯಲ್ಲಿ ನೀನು ಎರಡು ಸಲ ಹೇಳಿದ್ದು ನಾನು ಕೇಳಿದ್ದೇನೆ.

ನನಗೆ ಅದು ನಿಜವೆನಿಸುವುದಿಲ್ಲ. ಸುಳ್ಳೆಂದು ಹೇಳಲೂ ಬರುವುದಿಲ್ಲ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಿನ್ನ ಸಮಾಧಾನಕ್ಕೆ ಹೇಳಲಾರೆ. ನಾನು ಶಾಲೆ ಬಿಟ್ಟದ್ದೂ ಅದಕ್ಕೇ ಅಲ್ಲವಾ. ಸಾಮಾನೇ ಇಲ್ಲದ ಶಾಲೆಯಲ್ಲಿ ಹೋದ ವರ್ಷದವರ ರೆಕಾರ್ಡು ನೋಡಿ ಪ್ರಯೋಗಗಳನ್ನು ಬರೆಯಿರಿ ಎಂದರು. ನಾನು ಪುಟಪುಟಕ್ಕೂ "ಈ ಪ್ರಯೋಗ ಮಾಡಿಲ್ಲ" ಎಂದು ಬರೆದು ಕೊಟ್ಟೆ. ಕ್ಷಮೆ ಕೇಳು ಎಂದರು. "ಎಲ್ಲರೂ ಬರೆದರು, ನಿನಗೇನು ಕೊಂಬು ಮೂಡಿದೆಯಾ?" ಎಂದು ನೀನೂ ಕೇಳಿದೆ.

ಅದನ್ನು ಕೆದಕಲು ಬರೆದದ್ದಲ್ಲ. ಅವತ್ತು ಬೆಳಿಗ್ಗೆ ನೀನು ಅಪ್ಪನಿಗೆ ಏನಂದೆ? ನನಗೆ ಜಗಳದ ಸದ್ದು ನೆನಪಿದೆ, ಮಾತು ನೆನಪಿಲ್ಲ.

ನಿನ್ನ ಮಗಳು


ಆಗಸ್ಟ್ 31

ಮಗಳೇ,

ನೀರು ಸಾಕಷ್ಟು ಬರುತ್ತದೆ. ಒಗೆದೆ.

ಕೇಳಿದ್ದೀಯ, ಹೇಳುತ್ತೇನೆ. ಬಚ್ಚಲಿನ ನಲ್ಲಿ ಒಂದು ತಿಂಗಳಿಂದ ಸೋರುತ್ತಿತ್ತು. "ಮಿಲ್ಲಿನ ಮೆಷಿನ್ನೆಲ್ಲ ರಿಪೇರಿ ಮಾಡ್ತೀರ, ಮನೆ ನಲ್ಲಿ ಮಾತ್ರ ಕಣ್ಣಿಗೆ ಬೀಳಲ್ಲ" ಎಂದೆ. ಅವರು ಸುಮ್ಮನಿದ್ದರು. ಸುಮ್ಮನಿದ್ದರೆ ನನಗೆ ಇನ್ನೂ ಸಿಟ್ಟು. "ನೀವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಎಂದೆ. ಅವರು ಚಹಾ ಕುಡಿಯದೆ ಎದ್ದರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡರು. ಅದನ್ನು ನಾನು ನೋಡಿದೆ. ನೋಡಿಯೂ ಏನಾಯಿತೆಂದು ಕೇಳಲಿಲ್ಲ. ಮತ್ತೆ ನೋಡಿದ್ದು ಮಿಲ್ಲಿನ ಆಂಬುಲೆನ್ಸಿನಲ್ಲಿ.

ಅವತ್ತು ರಾತ್ರಿ ಅಣ್ಣನ ಪಕ್ಕ ಕೂತು ಕೇಳಿದೆ, "ನನ್ನ ಮಾತಿಂದಾನಾ ಅಣ್ಣ?" ಅಂತ. ಅವನಿಗೆ ಎಲ್ಲ ಹೇಳಿದ್ದೇನೆ, ಅವನೊಬ್ಬನಿಗೇ. "ಅದನ್ನೆಲ್ಲ ತಲೆಗೆ ಹಚ್ಕೋಬೇಡ, ಆಗೋದು ಆಗಿಹೋಯ್ತು" ಎಂದ. ಅಲ್ಲ ಅನ್ನಲಿಲ್ಲ. ಆಮೇಲೆ ಒಂದು ತಿಂಗಳಿಗೆ ಮಿಲ್ಲಿನ ಕೆಲಸ ಬಿಟ್ಟು ಅಂಗಡಿ ಹಾಕಿದ. ನಮ್ಮಿಬ್ಬರನ್ನು ಸಾಕಿದ. ಅವನ ಋಣ ಮರೆಯಬೇಡ.

ಈಗ ಬೇರೆ ಮಾತು. ಭೂಮಿಯ ಕಾಂತ ಎಷ್ಟು ಬಲದ್ದು ಎಂದು ಅಳೆಯುವ ಪ್ರಯೋಗ ಕೊಟ್ಟಿದ್ದರು. ಅದೇ ಸುರುಳಿ, ಅದೇ ದಿಕ್ಸೂಚಿ. ನಮಗೆ ಬಂದ ಲೆಕ್ಕ ಪುಸ್ತಕದ ಲೆಕ್ಕದ ಹತ್ತಿರಕ್ಕೂ ಇಲ್ಲ. "ಆಂಟಿ, ಮುಳ್ಳು ಸ್ವಲ್ಪ ಈ ಕಡೆ ಇತ್ತು ಅಂತ ಬರೆದುಬಿಡೋಣ. ಯಾರು ನೋಡ್ತಾರೆ?" ಎಂದ ಕನ್ನಡಕ. ಪೆನ್ನು ಕೈಯಲ್ಲಿತ್ತು. ಆಗ ನಿನ್ನ ಮುಖ ನೆನಪಾಯಿತು, ರೆಕಾರ್ಡು ಕೊಟ್ಟು ಮನೆಗೆ ಬಂದ ದಿನದ್ದು. ಬರೆಯಲಿಲ್ಲ. ಮೇಜು ಬದಲಿಸಿದೆವು, ತಂತಿ ಬದಲಿಸಿದೆವು. ಕೊನೆಗೆ ಮೇಡಂ ಬಂದು ನನ್ನನ್ನು ನೋಡಿ, "ಜೇಬಿನಲ್ಲಿ ಏನಿದೆ?" ಎಂದಳು. ಬೀಗದ ಕೈಗೊಂಚಲು. ನಾನು ಬಗ್ಗಿ ನೋಡಿದಾಗಲೆಲ್ಲ ಕಬ್ಬಿಣ ಮುಳ್ಳನ್ನು ಎಳೆಯುತ್ತಿತ್ತು. ನಮ್ಮ ಮನೆ ಅಲ್ಲಿಗೂ ಬಂದು ಅಡ್ಡ ನಿಂತಿತ್ತು.

ಆ ದಿನ ನಿನಗೆ ಕೊಂಬು ಎಂದದ್ದು ತಪ್ಪು. ಇಷ್ಟು ಬರೆದರೆ ಸಾಕಲ್ಲವಾ.

ಅಮ್ಮ


ಸೆಪ್ಟೆಂಬರ್ 27

ಗಿರಗಿಟ್ಲೆ,

ನಿನ್ನ ಕಾಗದಕ್ಕೆ ಕಾಯದೆ ಬರೆಯುತ್ತಿದ್ದೇನೆ. ಓದಿ, ಅಣ್ಣನ ಕಣ್ಣಿಗೆ ಬೀಳದ ಹಾಗೆ ಎತ್ತಿಡು.

ಈ ವಾರದ ಪ್ರಯೋಗ ಕೆಪಾಸಿಟರಿನದು. ನಿಮ್ಮ ಅಂಗಡಿಯಲ್ಲಿ ಕಂಡೆನ್ಸರ್ ಎನ್ನುವುದು ಅದನ್ನೇ. ಅದಕ್ಕೆ ಹತ್ತು ವೋಲ್ಟಿನವರೆಗೆ ಕರೆಂಟು ತುಂಬಿಸಿ, ಸಪ್ಲೈ ತೆಗೆದು, ಒಂದು ರೆಸಿಸ್ಟರಿನ ಮೂಲಕ ಖಾಲಿಯಾಗಲು ಬಿಡಬೇಕು. ಮೀಟರು ಇಳಿಯುವುದನ್ನು ಗಡಿಯಾರ ನೋಡಿ ಬರೆಯುತ್ತಾ ಹೋಗಬೇಕು. ಕನ್ನಡಕ ಸಪ್ಲೈ ತೆಗೆದ, ರೆಸಿಸ್ಟರ್ ಸಿಕ್ಕಿಸಲು ಮರೆತ. ಅದು ನನಗೂ ಕಾಣಲಿಲ್ಲ. ಕೂತು ನೋಡುತ್ತೇವೆ, ಮೀಟರು ಇಳಿಯುತ್ತಿಲ್ಲ.

"ಸಪ್ಲೈ ನಿಜವಾಗ್ಲೂ ತೆಗೆದಿದ್ದೀಯೇನೋ?"

"ತೆಗ್ದಿದೀನಿ ಆಂಟಿ. ನೋಡಿ, ವೈರು ಕೈಯಲ್ಲೇ ಇದೆ."

"ಮತ್ತೆ ಇದೇನು ಇನ್ನೂ ಹತ್ತು ತೋರಿಸ್ತಿದೆ?"

ಮೇಡಂ ಬೇರೆ ಮೇಜಿನಲ್ಲಿದ್ದಳು. ಅವಳು ಬರುವ ತನಕವೂ ಅದು ಇಳಿಯಲಿಲ್ಲ. ಬಂದವಳು ನೋಡಿ ಹೇಳಿದಳು: "ಸಪ್ಲೈ ತೆಗೆದರೆ ಹೊಸದಾಗಿ ಬರೋದು ನಿಲ್ಲುತ್ತೆ. ಒಳಗೆ ಸೇರಿದ್ದು ಎಲ್ಲಿಗೆ ಹೋಗಬೇಕು? ದಾರಿ ಕೊಡದಿದ್ದರೆ ಅಲ್ಲೇ ಇರುತ್ತೆ."

ನಾನು ಕೇಳಿದೆ, "ದೊಡ್ಡದಾದರೆ? ಮಿಲ್ಲು, ಕಾರ್ಖಾನೆಗಳಲ್ಲಿ?"

"ಅಲ್ಲಿನದು ಪ್ರಾಣ ತೆಗೆಯುತ್ತೆ. ಖಾಲಿಯಾಗಲಿ ಅಂತ ಒಳಗೇ ಒಂದು ರೆಸಿಸ್ಟರ್ ಇಟ್ಟಿರ್ತಾರೆ. ಅದು ಹಾಳಾಗಿದ್ದರೆ ಹೊರಗಿನಿಂದ ಗೊತ್ತಾಗಲ್ಲ. ಅದಕ್ಕೇ ಮುಟ್ಟೋ ಮೊದಲು ನೆಲಕ್ಕೆ ಸೇರಿಸಿ ಖಾಲಿ ಮಾಡಲೇಬೇಕು."

ಆಮೇಲೆ ರೆಸಿಸ್ಟರ್ ಸಿಕ್ಕಿಸಿ ಪ್ರಯೋಗ ಮಾಡಿದೆವು. ಹತ್ತು ಇದ್ದದ್ದು ಐದಾಗಲು ಎಷ್ಟು ಹೊತ್ತೋ, ಐದು ಎರಡೂವರೆಯಾಗಲೂ ಅಷ್ಟೇ ಹೊತ್ತು. ಅರ್ಧ, ಅರ್ಧದ ಅರ್ಧ. ಕನ್ನಡಕ ಓದಿದ, ನಾನು ಬರೆದೆ. ಏನು ಬರೆದೆನೋ ಗೊತ್ತಿಲ್ಲ, ಅಂಕಿಗಳೆಲ್ಲ ಸರಿಯಾಗಿವೆ.

ನಿಮ್ಮಪ್ಪನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಮನೆಗೆ ತಂದ ಮೇಲೆ ನಾನೇ ಅವರ ಕೈ ತೊಳೆದದ್ದು. ಗ್ರೀಸ್ ಅಂದುಕೊಂಡು ಸೋಪು ಹಚ್ಚಿ ಉಜ್ಜಿದೆ. ಹೋಗಲಿಲ್ಲ. ಮತ್ತೆ ಉಜ್ಜಿದೆ.

ನೀನು ಜುಲೈಯಲ್ಲಿ ಬರೆದಿದ್ದೆ, ಅಣ್ಣ ಹೊಸ ಡಬ್ಬಿಯನ್ನೂ ಮುಟ್ಟಿಸದೆ ಕೊಡುವುದಿಲ್ಲ ಅಂತ. ಓದಿ ನಕ್ಕಿದ್ದೆ.

ಇದು ಊಹೆ. ಒಂದು ಮೇಜಿನ ಮೇಲಿನ ಸಣ್ಣ ಡಬ್ಬಿಯಿಂದ ಮಿಲ್ಲಿನ ಪ್ಯಾನೆಲ್ಲಿನ ಲೆಕ್ಕ ಹೇಳಲಾಗದು. ಅವನನ್ನು ಏನೂ ಕೇಳಬೇಡ. ನಾನು ಯೋಚಿಸಬೇಕು. ನಿನ್ನ ಕಾಲು ಹಿಡಿದುಕೊಂಡು ಹೇಳುತ್ತೇನೆ ಅಂದುಕೋ, ಕೇಳಬೇಡ.

ಅಮ್ಮ


ಅಕ್ಟೋಬರ್ 5

ಅಮ್ಮ,

ನೀನು ಕೇಳಬೇಡ ಅಂದೆ. ಕೇಳಿದೆ.

ಮೂರು ದಿನ ಸುಮ್ಮನಿದ್ದೆ. ಅವರು ಪ್ರತಿ ಸಲ ಸ್ಕ್ರೂಡ್ರೈವರ್ ಎತ್ತಿಕೊಂಡಾಗಲೂ ನನ್ನ ಕೈಯಲ್ಲಿ ಸುತ್ತಿನ ಲೆಕ್ಕ ತಪ್ಪುತ್ತಿತ್ತು. "ಬಿಚ್ಚು" ಎಂದರು, ಬಿಚ್ಚಿದೆ. ಮತ್ತೆ ತಪ್ಪಿತು. ಅವರ ಎದುರು ಕೂತು, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಅವರು ತಂದ ಬ್ರೆಡ್ಡು ತಿನ್ನಲು ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಷಟರ್ ಅರ್ಧ ಎತ್ತಿದ್ದರು, ಗಿರಾಕಿ ಯಾರೂ ಇರಲಿಲ್ಲ.

"ಮಾಮ, ಅವತ್ತು ಮೇನ್ ಆಫ್ ಮಾಡಿದ ಮೇಲೆ ಕಂಡೆನ್ಸರ್ ಖಾಲಿ ಮಾಡಿದ್ರಾ?"

ಅವರು ಬಾಬಿನ್ನಿಗೆ ತಂತಿ ಕಟ್ಟುತ್ತಿದ್ದರು. ಗಂಟು ಹಾಕಿ ಮುಗಿಸಿದರು. "ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಿಲ್ಲ. ಅಮ್ಮ ಲ್ಯಾಬಿನಲ್ಲಿ ನೋಡಿದಳು."

ಅವರು ಕೂತರು. ಕೈಯಲ್ಲಿದ್ದ ಬಾಬಿನ್ನನ್ನು ಬೆಂಚಿನ ಮೇಲೆ ಇಟ್ಟರು. ಆಮೇಲೆ ನನ್ನನ್ನು ನೋಡದೆ ಹೇಳಿದರು. ಅವರ ಮಾತನ್ನೇ ಬರೆಯುತ್ತೇನೆ, ನನ್ನದು ಸೇರಿಸಿಲ್ಲ.

"ಪ್ಯಾನೆಲ್ ರೂಮಿನ ಬಾಗಿಲ ಹತ್ತಿರ ಒಂದು ಕೋಲು ನೇತು ಹಾಕಿರ್ತಿತ್ತು. ತುದಿಗೆ ತಾಮ್ರದ ಕೊಕ್ಕೆ, ಅದರಿಂದ ನೆಲಕ್ಕೆ ಹೋಗೋ ವೈರು. ಮೇನ್ ತೆಗೆದವನೇ ಆ ಕೋಲನ್ನ ಕಂಡೆನ್ಸರಿನ ಒಂದೊಂದು ಕಾಲಿಗೂ ಮುಟ್ಟಿಸಬೇಕು. ಮುಟ್ಟಿಸಿ, ಕೆಲಸ ಮಾಡೋನ ಕೈಗೆ ಕೋಲು ಕೊಡಬೇಕು. ಕೋಲು ಕೈಗೆ ಬಂದ ಮೇಲೇ ಒಳಗೆ ಕೈ. ಅದು ನಮ್ಮಿಬ್ಬರದೇ ಪದ್ಧತಿ, ಬೇರೆ ಯಾರೂ ಮಾಡ್ತಿರಲಿಲ್ಲ. ನಿಮ್ಮಪ್ಪನೇ ತಂದಿದ್ದು."

"ಅವತ್ತು?"

"ಅವತ್ತು ಮೆಷಿನ್ನೆಲ್ಲ ನಿಂತುಬಿಟ್ಟಿತ್ತು. ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ಇನ್ನೂ ಎಷ್ಟೊತ್ತು, ಇನ್ನೂ ಎಷ್ಟೊತ್ತು ಅಂತಿದ್ದ. ಹ್ಯಾಂಡಲ್ ಎಳೆದೆ. ಕತ್ತಲಾಯ್ತು. ಆಯ್ತು ಭಾವ ಅಂದೆ. ಅವನು ಹಿಂದಕ್ಕೆ ತಿರುಗದೆ ಕೈ ಚಾಚಿದ, ಕೋಲಿಗೆ. ಕತ್ತಲಲ್ಲವಾ, ನಾನು ಟಾರ್ಚ್ ಕೊಟ್ಟೆ."

ನಾನು ಅವರ ಕೈಯನ್ನು ನೋಡಿದೆ.

"ಟಾರ್ಚ್ ತಗೊಂಡ ಮರಿ. ಇದೇನು ಅಂತ ಕೇಳಲಿಲ್ಲ. ಕೋಲಿನ ಕೆಲಸ ಮುಗಿಸಿ ಬೆಳಕು ಕೊಡ್ತಿದ್ದಾನೆ ಅಂದ್ಕೊಂಡಿರ್ತಾನೆ. ಕೊಟ್ಟವನು ನಾನಲ್ಲವಾ, ನಂಬಿದ."

ಆಮೇಲೆ ನಿನ್ನ ಪ್ರಶ್ನೆಯನ್ನು ನಾನೇ ಕೇಳಿದೆ. ಅಮ್ಮ ಆ ರಾತ್ರಿ ಪಕ್ಕದಲ್ಲಿ ಕೂತು ನನ್ನ ಮಾತಿಂದಾನಾ ಅಂದಾಗ ಯಾಕೆ ಅಲ್ಲ ಅನ್ನಲಿಲ್ಲ ಅಂತ. ಮಾಮ ಎದ್ದು ಷಟರ್ ಪೂರ್ತಿ ಇಳಿಸಿದರು. ಕತ್ತಲಲ್ಲಿ ನಿಂತು, "ಹೇಳಿದ್ದಿದ್ರೆ ನನಗೆ ತಂಗಿ ಉಳೀತಿರಲಿಲ್ಲ" ಎಂದರು. ಸ್ವಲ್ಪ ಬಿಟ್ಟು, "ಬರಿ ನಿಮ್ಮಮ್ಮನಿಗೆ, ಎದೆ ಅಲ್ಲ ಅಂತ" ಎಂದರು.

ಬರೆದಿದ್ದೇನೆ. ಎದೆ ಅಲ್ಲ, ಅಮ್ಮ.

ಇನ್ನೊಂದು. ಅವರು ಅಂಗಡಿಯಿಂದ ಹೊರಗೆ ಹೊರಟಾಗಲೆಲ್ಲ ಹೊಸ್ತಿಲಲ್ಲಿ ನಿಂತು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಜೇಬಿನಲ್ಲಿ ಟೆಸ್ಟರ್ ಇದೆಯೋ ಇಲ್ಲವೋ ನೋಡಿಕೊಳ್ಳಲು. ಈ ಕೆಲಸದವರೆಲ್ಲ ಹಾಗೆ ಮಾಡುತ್ತಾರೆ. ಈಗ ನಾನೂ.

ಗಿರಗಿಟ್ಲೆ


ಅಕ್ಟೋಬರ್ 29

ಅಮ್ಮ,

ಕಾಗದ ಇಲ್ಲ. ಫೋನ್ ಮಾಡಿದರೆ ನಿನ್ನ ಕೋಣೆಯ ಹುಡುಗಿ ಎತ್ತಿ, "ಆಂಟಿ ಮಲಗಿದ್ದಾರೆ" ಎನ್ನುತ್ತಾಳೆ. ಮಧ್ಯಾಹ್ನಕ್ಕೂ ಮಲಗಿದ್ದಾರೆ, ಸಂಜೆಗೂ ಮಲಗಿದ್ದಾರೆ.

ಮಾತು ಮೀರಿ ಕೇಳಿದ್ದಕ್ಕೆ ಸಿಟ್ಟಿದ್ದರೆ ಬೈದು ಬರಿ. ಇಲ್ಲಿ ಮಾಮ ಪೋಸ್ಟಿನವನ ಸೈಕಲ್ ಸದ್ದಿಗೆ ಕೆಲಸ ನಿಲ್ಲಿಸುತ್ತಾರೆ. ಅವನು ಮುಂದೆ ಹೋದ ಮೇಲೆ ಮತ್ತೆ ಶುರು ಮಾಡುತ್ತಾರೆ. ನನ್ನನ್ನು ಕೇಳುವುದಿಲ್ಲ.

ಒಂದು ಸಾಲಾದರೂ ಬರಿ.

ಗಿ.


ನವೆಂಬರ್ 21

ಮಗಳೇ,

ನಿನ್ನ ಮೇಲೆ ಸಿಟ್ಟಿಲ್ಲ. ಬರೆಯಲು ಕೂತು, ಹರಿದು ಹಾಕಿ, ಮತ್ತೆ ಕೂತೆ.

ಎರಡು ವಾರ ಲ್ಯಾಬಿಗೆ ಹೋಗಲಿಲ್ಲ. ಕನ್ನಡಕ ಹಾಸ್ಟೆಲ್ಲಿನ ಗೇಟಿನ ತನಕ ಬಂದು, ತಪ್ಪಿದ ಪ್ರಯೋಗಗಳನ್ನು ಬರೆದುಕೊಟ್ಟ. ನಾನು ಮಾಡದ್ದನ್ನು ಬರೆದು ಸಹಿ ಹಾಕುವುದಿಲ್ಲ ಎಂದೆ. "ನಿಮಗೆ ಹುಚ್ಚು ಆಂಟಿ" ಎಂದ. ಮರುದಿನ ಮೇಡಂಗೆ ಹೇಳಿ, ನನಗೆ ಇನ್ನೊಂದು ಬ್ಯಾಚಿನಲ್ಲಿ ಜಾಗ ಮಾಡಿಸಿದ. ಒಳ್ಳೆಯ ಹುಡುಗ.

ನಿನ್ನ ಕಾಗದ ಓದಿದಾಗ ಮೈ ಹಗುರಾಗುತ್ತದೆ ಅಂದುಕೊಂಡೆ. ಕಾದೆ. ಆಗಲಿಲ್ಲ. ವರ್ಷಗಟ್ಟಲೆ ಕೊಡ ಹೊತ್ತವಳು ಅದನ್ನು ಇಳಿಸಿದ ಮೇಲೂ ಒಂದು ಕಡೆಗೆ ವಾಲಿಕೊಂಡೇ ನಡೆಯುತ್ತಾಳಲ್ಲ, ಹಾಗಿದ್ದೇನೆ. ನನ್ನ ಮಾತು ಅವರನ್ನು ಕೊಲ್ಲಲಿಲ್ಲ ಎಂದು ತಿಳಿಯಿತು. ಆದರೆ ಅವರು ನನ್ನಿಂದ ಕೇಳಿದ ಕೊನೆಯ ಮಾತು ಅದೇ. ಅದನ್ನು ಯಾವ ಲ್ಯಾಬಿನಲ್ಲೂ ಬದಲಿಸಲು ಬರುವುದಿಲ್ಲ. ಟೆಸ್ಟರ್ ಎಂದು ಬರೆದಿದ್ದೀಯ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಆ ಕೈಯನ್ನು ನಾನು ಇಷ್ಟು ವರ್ಷ ಬೇರೆ ಥರ ನೋಡುತ್ತಾ ಬಂದೆ.

ಅಣ್ಣನ ವಿಷಯ. ಟಾರ್ಚ್ ಕೊಟ್ಟದ್ದನ್ನು ನಾನು ಮನಸ್ಸಿನಿಂದ ತೆಗೆದು ಹಾಕಬಲ್ಲೆ. ಕೈ ತಪ್ಪುತ್ತದೆ. ನಾನೂ ಮೊದಲ ದಿನವೇ ಮೀಟರು ಸುಟ್ಟವಳು. ಆದರೆ ನಾನು ಅವನ ಪಕ್ಕ ಕೂತು ಕೇಳಿದ್ದೆ. ಅವನ ಬಾಯಲ್ಲಿ ಒಂದೇ ಒಂದು ಪದ ಇತ್ತು, ಅದನ್ನು ನುಂಗಿಕೊಂಡ. ಅಂದಿನಿಂದ ನಾನು ಕೊಟ್ಟ ಚಹಾ ಕುಡಿದ, ನನ್ನ ಮುಖ ನೋಡಿದ, ನುಂಗಿದ್ದನ್ನು ಹೊರಗೆ ಹಾಕಲಿಲ್ಲ. ಅದು ಕೈ ತಪ್ಪಿದ್ದಲ್ಲ.

ರಜೆಗೆ ಬರುತ್ತೇನೆ. ಅಂಗಡಿಯ ಕೆಲಸ ನಿನಗೆ ಬೇಡವಾದರೆ ಬಿಟ್ಟುಬಿಡು, ನಾನು ಏನೂ ಅನ್ನುವುದಿಲ್ಲ. ಬೇಕೆಂದರೆ ಇರು, ಅದಕ್ಕೂ ಏನೂ ಅನ್ನುವುದಿಲ್ಲ.

ಅಮ್ಮ


ಡಿಸೆಂಬರ್ 30

ಅಮ್ಮ,

ನೀನು ರಜೆ ಮುಗಿಸಿ ಹೋದ ಬಸ್ಸಿನ ಹೊಗೆ ಇನ್ನೂ ಮೂಗಿನಲ್ಲಿದೆ. ಈಗಲೇ ಬರೆಯದಿದ್ದರೆ ಬರೆಯುವುದೇ ಇಲ್ಲವೆಂದು ಕೂತಿದ್ದೇನೆ.

ನೀನು ಅಂಗಡಿಯೊಳಗೆ ಕಾಲಿಡುವುದಿಲ್ಲವೆಂದು ಗೊತ್ತಿತ್ತು. ಇಷ್ಟು ದಿನ ಮನೆಯಲ್ಲಿದ್ದೂ ಬರಲಿಲ್ಲ, ಹೊರಡುವ ದಿನ ಬಂದೆ. ಬೀಗದ ಕೈ ಕೊಡಲು ಬಂದೆ ಎಂದು ನನಗೆ ಹೇಳಿದೆ, ಅದನ್ನು ಬೆಳಿಗ್ಗೆಯೇ ನನಗೆ ಕೊಟ್ಟಿದ್ದೆಯಲ್ಲ. ಮಾಮ ಸ್ಟೂಲು ತಂದು ಮೆಟ್ಟಿಲ ಮೇಲೆ ಇಟ್ಟರು, ಒರೆಸಿದರು. ನೀನು ಕೂರಲಿಲ್ಲ.

"ಅಣ್ಣ, ಆ ರಾತ್ರಿ ನಿನ್ನನ್ನ ಒಂದು ಮಾತು ಕೇಳಿದ್ದೆ. ನೆನಪಿದೆಯಾ?"

"ಇದೆ."

"ಈಗ ಹೇಳು."

ಅವರು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ ಸ್ಟೂಲಿನ ಮೇಲೆ ಇಟ್ಟರು. "ನಿನ್ನ ಮಾತಿಂದ ಅಲ್ಲ" ಎಂದರು. ನೀನು "ಹ್ಞೂಂ" ಎಂದೆ. ಚೀಲ ಎತ್ತಿಕೊಂಡೆ. ಬೈಯುತ್ತೀಯ, ಅಳುತ್ತೀಯ, ಅವರ ಭುಜ ಮುಟ್ಟುತ್ತೀಯ ಎಂದು ನಾನು ಕಾದಿದ್ದೆ. ಒಂದೂ ಆಗಲಿಲ್ಲ. ಬಸ್ಸಿನ ಹತ್ತಿರವೂ ನೀನು ಮಾತಾಡಿದ್ದು ಬರೀ ನನ್ನ ಊಟದ ಬಗ್ಗೆ. ನಿನ್ನನ್ನು ದೂರುತ್ತಿಲ್ಲ. ನನಗೂ ಅವರ ಮೇಲೆ ಸಿಟ್ಟು ಹೋಗಿಲ್ಲ, ಅವರನ್ನು ಬಿಟ್ಟು ಹೋಗಲೂ ಆಗುತ್ತಿಲ್ಲ. ಇಲ್ಲೇ ಇರುತ್ತೇನೆ. ಕೆಲಸ ಕೈಗೆ ಹತ್ತಿದೆ. ಮತ್ತೆ, ಅವರು ಮುಚ್ಚಿಡುವಂಥದ್ದು ಏನೂ ಉಳಿದಿಲ್ಲದ ಜಾಗ ಈ ಊರಿನಲ್ಲಿ ಇದೊಂದೇ.

ನೀನು ಹೋದ ಮೇಲೆ ಆದದ್ದನ್ನು ಹೇಳಲು ಇದನ್ನು ಬರೆದದ್ದು. ನಾನು ವಾಪಸು ಬಂದಾಗ ಸ್ಟೂಲು ಮೆಟ್ಟಿಲ ಮೇಲೇ ಇತ್ತು. ಮಾಮ ಒಳಗೆ ಒಂದು ಫ್ಯಾನು ಬಿಚ್ಚಿಕೊಂಡು ಕೂತಿದ್ದರು. ಪೆಟ್ಟಿಗೆಯಿಂದ ಹೊಸ ಕಂಡೆನ್ಸರ್ ತೆಗೆದರು, ಸ್ಕ್ರೂಡ್ರೈವರ್ ಎತ್ತಿಕೊಂಡರು, ನಿಂತರು. ಎರಡನ್ನೂ ನನ್ನ ಮುಂದೆ ಬೆಂಚಿನ ಮೇಲೆ ಇಟ್ಟರು, ಸ್ಕ್ರೂಡ್ರೈವರಿನ ಹಿಡಿ ನನ್ನ ಕಡೆಗೆ.

"ನೀನು ಮಾಡು" ಎಂದರು.

ಮುಟ್ಟಿಸಿದೆ. ಕಿಡಿ ಬರಲಿಲ್ಲ. ಎಲ್ಲಿಂದ ಬರಬೇಕು, ಇನ್ನೂ ಯಾವುದಕ್ಕೂ ಸಿಕ್ಕಿಸದ ಡಬ್ಬಿ, ಒಳಗೆ ಏನೂ ಇಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಒತ್ತಿ ಹಿಡಿದುಕೊಂಡೇ ಕೂತೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಸಾಕು ಎಂದು ಅವರು ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಗಿರಗಿಟ್ಲೆ